ಒಟಿಪಿ ಯಾರ ಮೊಬೈಲಿಗೆ ಬರುತ್ತದೆ?

ನಮ್ಮ ಮನೆಗಳಲ್ಲಿ ಆಸ್ಪತ್ರೆಯ ಕಾಗದಗಳಿಗೆಂದೇ ಒಂದು ಚೀಲವಿರುತ್ತದೆ. ಬಟ್ಟೆ ಅಂಗಡಿಯವರು ಕೊಟ್ಟ ದಪ್ಪನೆಯ ಪ್ಲಾಸ್ಟಿಕ್ ಚೀಲ. ರಕ್ತ ಪರೀಕ್ಷೆಯ ಚೀಟಿಗಳು, ಎಕ್ಸ್‌ರೇ, ಸ್ಕ್ಯಾನಿಂಗ್ ರಿಪೋರ್ಟು, ಮಕ್ಕಳ ಚುಚ್ಚುಮದ್ದಿನ ಕಾರ್ಡು, ಹೆರಿಗೆಯ ಸಮಯದ ತಾಯಿ ಕಾರ್ಡು ಎಲ್ಲವೂ ಅದರೊಳಗೇ ಇರುತ್ತವೆ. ಆ ಚೀಲ ಕಪಾಟಿನ ಯಾವ ಖಾನೆಯಲ್ಲಿದೆ, ಅದರಲ್ಲಿ ಯಾರದು ಏನಿದೆ ಎಂಬುದು ಮನೆಯ ಹೆಂಗಸಿಗೆ ಮಾತ್ರ ಗೊತ್ತು. ಮನೆಗೆ ಬಂದ ನೆಂಟರು ಅದನ್ನು ಮುಟ್ಟುವುದಿಲ್ಲ. ಗಂಡಸರು ಡಾಕ್ಟರರ ಬಳಿ ಹೊರಡುವಾಗ, "ಆ ಕಾಗದ ಎಲ್ಲಿದೆ?" ಎಂದು ಕೇಳುತ್ತಾರೆಯೇ ಹೊರತು ತಾವಾಗಿ ಹುಡುಕಲು ಹೋಗುವುದಿಲ್ಲ. ಚೀಲಕ್ಕೆ ಬೀಗವಿಲ್ಲದಿದ್ದರೂ ಅದಕ್ಕೊಬ್ಬ ಕಾವಲುಗಾರ್ತಿ ಇದ್ದಳು.

ಈಗ ಈ ಕಾಗದಗಳು ಒಂದೊಂದಾಗಿ ಮೊಬೈಲಿನೊಳಗೆ ಸೇರುತ್ತಿವೆ. ಲ್ಯಾಬಿನವರು ರಿಪೋರ್ಟನ್ನು ವಾಟ್ಸಪ್‌ನಲ್ಲಿ ಕಳುಹಿಸುತ್ತಾರೆ. ದೊಡ್ಡ ಆಸ್ಪತ್ರೆಗಳು ತಮ್ಮದೇ ಆ್ಯಪ್ ಮಾಡಿಕೊಂಡಿವೆ. ಸರಕಾರಿ ಆಸ್ಪತ್ರೆಗೆ ಹೋದರೆ, "ಆಭಾ ನಂಬರ್ ಇದೆಯೇ?" ಎಂದು ಕೇಳುತ್ತಾರೆ. ಇದನ್ನು ಕಂಡು ಹೆದರಬೇಕಾಗಿಲ್ಲ. ಇದರಿಂದ ಆಗುವ ಉಪಕಾರವನ್ನು ನಾನೇ ಕಣ್ಣಾರೆ ಕಂಡಿದ್ದೇನೆ.

ನನ್ನ ಉಮ್ಮನಿಗೆ ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದೊತ್ತಡ. ಒಂದು ರಮಝಾನಿನಲ್ಲಿ ಮಂಗಳೂರಿನ ನೆಂಟರ ಮನೆಗೆ ಹೋಗಿದ್ದಾಗ ರಾತ್ರಿ ತಲೆಸುತ್ತಿ ಬಿದ್ದರು. ಆಸ್ಪತ್ರೆಗೆ ಸೇರಿಸಿದಾಗ ಡ್ಯೂಟಿಯಲ್ಲಿದ್ದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ, "ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ? ಯಾವುದಾದರೂ ಔಷಧ ಆಗಿಬರುವುದಿಲ್ಲವೇ?" ಕಾಗದಗಳೆಲ್ಲ ಪುತ್ತೂರಿನ ಮನೆಯಲ್ಲಿ. ಆದರೆ ಹಿಂದಿನ ಸಲದ ಡಿಸ್ಚಾರ್ಜ್ ಸಮ್ಮರಿ ನನ್ನ ಮೊಬೈಲಿನಲ್ಲಿತ್ತು. ಒಂದು ನೋವಿನ ಇಂಜೆಕ್ಷನ್ ಉಮ್ಮನಿಗೆ ಒಗ್ಗುವುದಿಲ್ಲ ಎಂದು ಅದರಲ್ಲಿ ಬರೆದಿತ್ತು. ಡಾಕ್ಟರ್ ಅದನ್ನು ಓದಿ ಬೇರೆ ಔಷಧ ಬರೆದರು. ಆದ್ದರಿಂದ 'ಮೊಬೈಲಿನಲ್ಲಿ ಏನೂ ಬೇಡ, ಹಳೆಯ ಕಾಗದವೇ ಲೇಸು' ಎಂದು ನಾನು ಹೇಳುವುದಿಲ್ಲ. ನನ್ನ ಪ್ರಶ್ನೆ ಇಷ್ಟೇ: ಕಾಗದ ಮೊಬೈಲಿಗೆ ಹೋಯಿತು, ಸರಿ. ಅದರ ಕಾವಲು ಯಾರ ಕೈಗೆ ಹೋಯಿತು?

ರೋಗಿಯ ಆರೋಗ್ಯದ ದಾಖಲೆಗಳನ್ನೆಲ್ಲ ಕಂಪ್ಯೂಟರಿನಲ್ಲಿ ಒಂದೆಡೆ ಸೇರಿಸಿ ಆಕೆಯ ಕೈಗೇ ಕೊಡಬೇಕೆಂಬ ಆಲೋಚನೆ ಹೊಸದಲ್ಲ. ಮೈಕ್ರೋಸಾಫ್ಟ್ ಕಂಪೆನಿ 2007ರಲ್ಲಿ 'ಹೆಲ್ತ್‌ವಾಲ್ಟ್' ಎಂಬ ವ್ಯವಸ್ಥೆಯನ್ನು ತಂದಿತು. 2008ರಲ್ಲಿ ಗೂಗಲ್ 'ಗೂಗಲ್ ಹೆಲ್ತ್' ಆರಂಭಿಸಿತು. ಜನ ನಿರೀಕ್ಷಿಸಿದಷ್ಟು ಸೇರಲಿಲ್ಲ. ಗೂಗಲ್‌ನದು 2012ರ ಆರಂಭದಲ್ಲಿಯೂ ಮೈಕ್ರೋಸಾಫ್ಟ್‌ನದು 2019ರ ನವೆಂಬರಿನಲ್ಲಿಯೂ ಮುಚ್ಚಿಹೋದವು. ನಮ್ಮ ದೇಶದಲ್ಲಿ 2020ರ ಆಗಸ್ಟ್ 15ರಂದು ರಾಷ್ಟ್ರೀಯ ಡಿಜಿಟಲ್ ಆರೋಗ್ಯ ಯೋಜನೆಯ ಘೋಷಣೆಯಾಯಿತು. ಮೊದಲು ಕೇಂದ್ರಾಡಳಿತ ಪ್ರದೇಶಗಳಲ್ಲಿ ಪ್ರಯೋಗ ನಡೆದು, 2021ರ ಸೆಪ್ಟೆಂಬರ್ 27ರಂದು 'ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್' ಎಂಬ ಹೆಸರಿನಲ್ಲಿ ಇಡೀ ದೇಶಕ್ಕೆ ಬಂತು. ಇದರಲ್ಲಿ ಕೊಡುವ 14 ಅಂಕಿಗಳ ಸಂಖ್ಯೆಯೇ ಆಭಾ. 2025ರ ಆರಂಭದ ಹೊತ್ತಿಗೆ 70 ಕೋಟಿಗೂ ಹೆಚ್ಚು ಇಂತಹ ಸಂಖ್ಯೆಗಳನ್ನು ನೀಡಲಾಗಿತ್ತು.

ನಮ್ಮಲ್ಲಿ ಹಲವರು ಆಭಾವನ್ನು ಆಯುಷ್ಮಾನ್ ಕಾರ್ಡ್ ಎಂದೇ ತಿಳಿದಿದ್ದಾರೆ. ಎರಡೂ ಬೇರೆ ಬೇರೆ. ಆಯುಷ್ಮಾನ್ ಕಾರ್ಡ್ ಚಿಕಿತ್ಸೆಯ ಖರ್ಚಿಗೆ ಸಂಬಂಧಿಸಿದ್ದು. ಆಭಾ ನಿಮ್ಮ ಆರೋಗ್ಯದ ದಾಖಲೆಗಳನ್ನು ಒಂದಕ್ಕೊಂದು ಜೋಡಿಸುವ ಸಂಖ್ಯೆ, ಅದರಿಂದ ಹಣವೇನೂ ಸಿಗುವುದಿಲ್ಲ. ಅದನ್ನು ಮಾಡಿಸಿಕೊಳ್ಳುವುದು ಕಡ್ಡಾಯವೂ ಅಲ್ಲ. ಆದರೆ ದೊಡ್ಡ ಆಸ್ಪತ್ರೆಗಳ ಚೀಟಿ ಕೌಂಟರಿನಲ್ಲಿ ಕ್ಯೂಆರ್ ಚಿತ್ರಕ್ಕೆ ಮೊಬೈಲ್ ಹಿಡಿದರೆ ಹೆಸರು, ವಯಸ್ಸು, ವಿಳಾಸ ತಾನಾಗಿಯೇ ಹೋಗಿ ಟೋಕನ್ ಬೇಗ ಸಿಗುತ್ತದೆ. ಮಗುವನ್ನು ಎತ್ತಿಕೊಂಡು ಸಾಲಿನಲ್ಲಿ ನಿಂತವಳಿಗೆ ಅದು ಸಣ್ಣ ಉಪಕಾರವಲ್ಲ.

ಈ ವ್ಯವಸ್ಥೆಯ ಒಳಗಿನ ಕ್ರಮವನ್ನೂ ತಿಳಿದಿರಬೇಕು. ದಾಖಲೆಗಳೆಲ್ಲ ದಿಲ್ಲಿಯ ಒಂದೇ ಕಂಪ್ಯೂಟರಿನಲ್ಲಿ ರಾಶಿ ಬಿದ್ದಿರುವುದಿಲ್ಲ. ಯಾವ ಆಸ್ಪತ್ರೆ, ಯಾವ ಲ್ಯಾಬ್ ಬರೆಯಿತೋ ಅಲ್ಲೇ ಇರುತ್ತವೆ. ಇನ್ನೊಬ್ಬ ಡಾಕ್ಟರ್ ನೋಡಬೇಕೆಂದರೆ ನಿಮ್ಮ ಆ್ಯಪಿಗೆ ಕೋರಿಕೆ ಬರುತ್ತದೆ. ಯಾವ ಕಾರಣಕ್ಕೆ, ಯಾವ ದಾಖಲೆಗಳು, ಎಷ್ಟು ದಿನದವರೆಗೆ ಎಂದು ಅದರಲ್ಲಿ ಬರೆದಿರುತ್ತದೆ. ನೀವು ಒಪ್ಪಿದರೆ ಮಾತ್ರ ಅವರಿಗೆ ಕಾಣುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳಲೂ ಬಹುದು. ಓದುವಾಗ ಬಹಳ ಚೆನ್ನಾಗಿದೆ. ಮಹಿಳೆಯ ಒಪ್ಪಿಗೆಯಿಲ್ಲದೆ ಆಕೆಯ ದೇಹದ ವಿಷಯ ಯಾರಿಗೂ ತಿಳಿಯಕೂಡದು ಎಂಬುದಕ್ಕಿಂತ ಒಳ್ಳೆಯ ನಿಯಮ ಬೇಕೇ?

ಆದರೆ ಸಹೋದರಿಯರೇ, ಆ ಒಪ್ಪಿಗೆ ಎಂಬುದು ಕೊನೆಗೆ ಬಂದು ನಿಲ್ಲುವುದು ಮೊಬೈಲಿಗೆ ಬರುವ ಆರು ಅಂಕಿಗಳ ಒಟಿಪಿಯಲ್ಲಿ. ಆ ಒಟಿಪಿ ಯಾರ ಮೊಬೈಲಿಗೆ ಬರುತ್ತದೋ ಅವರೇ ಆ ದಾಖಲೆಯ ಒಡೆಯರು. ಈಗ ನಮ್ಮ ಮನೆಗಳನ್ನು ನೋಡಿ. ಹೆಚ್ಚಿನ ಹೆಂಗಸರ ಆಧಾರಿಗೆ ಜೋಡಿಸಿರುವುದು ಗಂಡನ ನಂಬರ್, ಇಲ್ಲವೇ ಅಣ್ಣನದು, ಮಗನದು. ಆಧಾರ್ ಮಾಡಿಸಿದ ದಿನ ಯಾರು ಜೊತೆಗೆ ಹೋಗಿದ್ದರೋ ಅವರ ನಂಬರನ್ನೇ ಬರೆಸಿಬಿಟ್ಟದ್ದು. ನಮ್ಮ ನೆರೆಮನೆಯ ಹಿರಿಯ ಮಹಿಳೆಯೊಬ್ಬರ ಕಥೆ ಕೇಳಿ. ಅವರ ಆಧಾರಿನಲ್ಲಿರುವುದು ದಮ್ಮಾಮಿನಲ್ಲಿ ದುಡಿಯುವ ಮಗನ ನಂಬರ್. ಊರಿನ ಸಿಮ್ಮನ್ನು ಅವನು ಅಲ್ಲಿಗೇ ಒಯ್ದಿದ್ದಾನೆ. ಇಲ್ಲಿ ಆಸ್ಪತ್ರೆಯ ಕೌಂಟರಿನಲ್ಲಿ ಅವರು ಕಾಯುತ್ತಿದ್ದರೆ ಒಟಿಪಿ ಸೌದಿಯಲ್ಲಿ ಬಂದು ಬೀಳುತ್ತದೆ. ಮಗ ಕೆಲಸದ ನಡುವೆ ಫೋನ್ ಎತ್ತಿ ಅಂಕಿಗಳನ್ನು ಹೇಳಬೇಕು. "ಉಮ್ಮಾ, ಯಾವ ಡಾಕ್ಟರರ ಬಳಿ ಬಂದಿದ್ದೀರಿ? ಏನಾಗಿದೆ?" ಎಂದು ಅವನು ಕೇಳುತ್ತಾನೆ. ತಾಯಿ ಹೋದದ್ದು ಸ್ತ್ರೀರೋಗ ತಜ್ಞೆಯ ಬಳಿ. ಕೌಂಟರಿನಲ್ಲಿ ಹತ್ತು ಜನರ ನಡುವೆ ನಿಂತು ಮಗನಿಗೆ ಏನೆಂದು ಉತ್ತರಿಸಬೇಕು? ಅವರು, "ಸುಮ್ಮನೆ ಮಗಾ, ಕಾಲುನೋವು" ಎಂದರು. ಮಗ ಒಳ್ಳೆಯವನೇ. ತಾಯಿಯ ಮೇಲಿನ ಪ್ರೀತಿಯಿಂದಲೇ ಕೇಳಿದ್ದು. ಆದರೆ ಅರುವತ್ತು ವರ್ಷದ ಹೆಂಗಸು ತನ್ನ ಕಾಯಿಲೆಯ ಬಗ್ಗೆ ಸುಳ್ಳು ಹೇಳಬೇಕಾಗಿ ಬಂತಲ್ಲ!

ಇಂತಹದೇ ಒಂದು ಸಂಗತಿ ನಮ್ಮ ಮನೆಯಲ್ಲೂ ನಡೆದಿದೆ. ತಂಗಿಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳಿಗೆ ಇಪ್ಪತ್ತೆರಡು ವಯಸ್ಸಿನಲ್ಲಿ ಮುಟ್ಟು ಸರಿಯಾಗಿ ಆಗುತ್ತಿರಲಿಲ್ಲ. ಡಾಕ್ಟರ್ ಸ್ಕ್ಯಾನಿಂಗ್ ಮತ್ತು ರಕ್ತ ಪರೀಕ್ಷೆ ಬರೆದುಕೊಟ್ಟರು. ಲ್ಯಾಬಿನಲ್ಲಿ ತಂಗಿ ತನ್ನದೇ ನಂಬರನ್ನು ಬರೆಸಿದ್ದಳು. ಆದರೆ ಅವರ ಕಂಪ್ಯೂಟರಿನಲ್ಲಿ ನಮ್ಮ ಕುಟುಂಬದ ಹೆಸರಿಗೆ ಹಿಂದೆಂದೋ ಅಣ್ಣನ ನಂಬರ್ ಸೇರಿತ್ತು. ರಿಪೋರ್ಟ್ ಹೋದದ್ದು ಅಣ್ಣನ ವಾಟ್ಸಪ್ಪಿಗೆ. ಅಂಡಾಶಯದಲ್ಲಿ ಸಣ್ಣ ಸಣ್ಣ ಗುಳ್ಳೆಗಳಿವೆ ಎಂದು ಅದರಲ್ಲಿತ್ತು. ಪಿಸಿಒಡಿ ಎಂದು ಈಗ ಎಲ್ಲರೂ ಹೇಳುವ ತೊಂದರೆ. ಅಣ್ಣ ಗಾಬರಿಯಾದ. ತಂಗಿಗೆ ಒಳ್ಳೆಯ ಚಿಕಿತ್ಸೆ ಸಿಗಲಿ ಎಂದು, "ಇದಕ್ಕೆ ಒಳ್ಳೆಯ ಡಾಕ್ಟರ್ ಯಾರು?" ಎಂದು ಕೇಳಿ ರಿಪೋರ್ಟನ್ನು ಕುಟುಂಬದ ಗುಂಪಿಗೆ ಹಾಕಿದ. ಆ ಗುಂಪಿನಲ್ಲಿ ನಲುವತ್ತು ಮಂದಿ. ಅತ್ತಿಗೆಯ ತವರಿನವರೂ ಇದ್ದರು.

ಆಗ ತಂಗಿಗೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಎರಡು ಬಾರಿ ಮಾತುಕತೆಯೂ ಆಗಿತ್ತು. ರಿಪೋರ್ಟ್ ಗುಂಪಿಗೆ ಬಂದ ಮೇಲೆ ಆ ಕಡೆಯಿಂದ ಫೋನ್ ಬರುವುದು ನಿಂತಿತು. ಕಾರಣ ಯಾರೂ ಹೇಳಲಿಲ್ಲ. ಆದರೆ ಕೆಲವು ವಾರಗಳ ಬಳಿಕ ಮದುವೆ ಮನೆಯೊಂದರಲ್ಲಿ ಪರಿಚಯದ ಹೆಂಗಸೊಬ್ಬರು ಉಮ್ಮನ ಕೈ ಹಿಡಿದು, "ಮಕ್ಕಳಾಗುವುದಕ್ಕೆ ತೊಂದರೆಯಂತೆ, ಹೌದಾ?" ಎಂದು ಕೇಳಿದರು. ಉಮ್ಮ ಮನೆಗೆ ಬಂದು ಊಟ ಮಾಡದೆ ಮಲಗಿದರು. ತಂಗಿ ಮಾತ್ರ ಅಳಲಿಲ್ಲ. ಅವಳು ಹೇಳಿದ್ದು ಒಂದೇ ಮಾತು: "ನನಗೆ ಏನಾಗಿದೆ ಎಂದು ನನಗಿಂತ ಮೊದಲು ಊರಿಗೆಲ್ಲ ಗೊತ್ತಾಯಿತಲ್ಲ."

ಲ್ಯಾಬಿಗೆ ಹೋಗಿ ನಾನೇ ವಿಚಾರಿಸಿದೆ. "ಸಿಸ್ಟಮಿನಲ್ಲಿ ಇದ್ದ ನಂಬರಿಗೆ ಹೋಗಿದೆ, ನಾವೇನು ಮಾಡುವುದು?" ಎಂಬ ಉತ್ತರ ಬಂತು. ಯಾರೂ ಕ್ಷಮೆ ಕೇಳಲಿಲ್ಲ. ತಂಗಿಗೆ ಇದ್ದ ತೊಂದರೆ ಅಪರೂಪದ್ದೇನಲ್ಲ. ಊಟದಲ್ಲಿ ಕ್ರಮ, ನಡಿಗೆ, ಔಷಧಗಳಿಂದ ಹತೋಟಿಗೆ ಬರುವಂತಹದು. ಇದಿದ್ದವರಿಗೂ ಮಕ್ಕಳಾಗುತ್ತಾರೆ. ಅವಳಿಗೆ ನಂತರ ಬೇರೆ ಕಡೆ ಮದುವೆಯೂ ಆಯಿತು, ಈಗ ಒಂದು ಮಗುವೂ ಇದೆ. ಆದರೂ ಆ ಒಂದು ವರ್ಷ ಅವಳು ಯಾವ ಮದುವೆ ಮನೆಗೂ ಬರಲಿಲ್ಲ. ಆ ವರ್ಷವನ್ನು ಅವಳಿಗೆ ಯಾವ ಲ್ಯಾಬ್ ಹಿಂದಿರುಗಿಸಿ ಕೊಡುತ್ತದೆ?

ಇದನ್ನು ಹೇಳಿದಾಗ ಕೆಲವರು, "ಮುಚ್ಚಿಡುವಂತಹದ್ದು ಏನಿದೆ? ಕಾಯಿಲೆ ಯಾರಿಗೂ ಬರುತ್ತದೆ" ಎನ್ನುತ್ತಾರೆ. ಇನ್ನು ಕೆಲವರು, "ಮದುವೆಯಾಗುವವರಿಗೆ ತಿಳಿಸದಿರುವುದು ಮೋಸವಲ್ಲವೇ?" ಎನ್ನುತ್ತಾರೆ. ಈ ಎರಡನೆಯ ಪ್ರಶ್ನೆಯನ್ನು ಹಗುರವಾಗಿ ಕಾಣಬಾರದು. ಸುಪ್ರೀಂ ಕೋರ್ಟಿನಲ್ಲಿ 1998ರಲ್ಲಿ ಇಂತಹದೇ ಒಂದು ಮೊಕದ್ದಮೆ ತೀರ್ಮಾನವಾಯಿತು. ರಕ್ತ ಕೊಡಲು ಹೋದ ಒಬ್ಬರಿಗೆ ಎಚ್‌ಐವಿ ಇರುವುದು ಪರೀಕ್ಷೆಯಿಂದ ಗೊತ್ತಾಗಿ, ನಿಶ್ಚಯವಾಗಿದ್ದ ಮದುವೆ ನಿಂತುಹೋಗಿತ್ತು. ಆಸ್ಪತ್ರೆ ತನ್ನ ಗುಟ್ಟನ್ನು ಬಯಲು ಮಾಡಿತು ಎಂದು ಅವರು ದೂರಿದರು. ಕೋರ್ಟು, ಖಾಸಗಿತನದ ಹಕ್ಕಿಗೂ ಒಂದು ಮಿತಿಯಿದೆ, ಮದುವೆಯಾಗಲಿದ್ದ ಹುಡುಗಿಯ ಜೀವ ಮತ್ತು ಆರೋಗ್ಯದ ಹಕ್ಕೂ ದೊಡ್ಡದು ಎಂದಿತು. ನನಗೂ ಅದು ಸರಿಯೆನಿಸುತ್ತದೆ. ಜೊತೆಗೆ ಬಾಳುವವರಿಗೆ ತಿಳಿಯಬೇಕಾದುದನ್ನು ತಿಳಿಸಲೇಬೇಕು. ಆದರೆ ಹುಡುಗಿ ತಾನಾಗಿ, ಹುಡುಗನ ಮನೆಯವರಿಗೆ, ಡಾಕ್ಟರರ ಮಾತಿನೊಂದಿಗೆ ವಿಷಯ ತಿಳಿಸುವುದು ಬೇರೆ. ನಲುವತ್ತು ಮಂದಿಯ ಮೊಬೈಲಿನಲ್ಲಿ ಸ್ಕ್ಯಾನಿಂಗ್ ಚಿತ್ರ ಓಡಾಡುವುದು ಬೇರೆ. ಮೊದಲನೆಯದು ಪ್ರಾಮಾಣಿಕತೆ. ಎರಡನೆಯದರಲ್ಲಿ ಹುಡುಗಿಗೆ ಬಾಯಿ ತೆರೆಯುವ ಅವಕಾಶವೇ ಸಿಗುವುದಿಲ್ಲ. ಅರ್ಧ ಓದಿದವರು ಪೂರ್ತಿ ತೀರ್ಪು ಕೊಟ್ಟುಬಿಡುತ್ತಾರೆ.

ಮರೆಯಲ್ಲಿಡುವುದೆಲ್ಲ ತಪ್ಪಿನ ಗುರುತಲ್ಲ. ನಾವು ಮನೆಯ ಬಾಗಿಲಿಗೆ ಪರದೆ ಹಾಕುವುದು ಒಳಗೆ ಕಳ್ಳತನ ನಡೆಯುತ್ತಿದೆ ಎಂದಲ್ಲವಲ್ಲ. ಒಬ್ಬರು ನಂಬಿ ಇಟ್ಟದ್ದನ್ನು ನಮ್ಮ ಮನೆಗಳಲ್ಲಿ ಅಮಾನತ್ ಎನ್ನುತ್ತೇವೆ. ನೆರೆಮನೆಯವಳು ಬಳೆ ಇಟ್ಟು ಹೋದರೆ ಅದನ್ನು ನಾವು ಹಾಕಿಕೊಂಡು ತಿರುಗುವುದಿಲ್ಲ, ಇನ್ನೊಬ್ಬರಿಗೆ ತೋರಿಸುವುದೂ ಇಲ್ಲ. ರೋಗಿ ತನ್ನ ದೇಹದ ವಿಷಯವನ್ನು ಡಾಕ್ಟರರಿಗೆ, ನರ್ಸಿಗೆ, ಲ್ಯಾಬಿಗೆ ಹೇಳುವುದೂ ಅಂತಹದೇ. ಚಿನ್ನವಾದರೆ ಕಳೆದರೂ ಬೇರೆ ಮಾಡಿಸಬಹುದು. ಒಮ್ಮೆ ಹರಡಿದ ಮಾತನ್ನು ಮರಳಿ ಹೆಕ್ಕಲಾಗುವುದಿಲ್ಲ.

ಮನೆಯೊಳಗಿನ ಸೋರಿಕೆ ಒಂದು ಕಡೆಯಾದರೆ ಹೊರಗಿನ ಕಳ್ಳರು ಇನ್ನೊಂದು ಕಡೆ. 2022ರ ನವೆಂಬರ್ 23ರಂದು ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ದಾಳಿಯಾಯಿತು. ಐದು ಸರ್ವರುಗಳಲ್ಲಿದ್ದ ಸುಮಾರು 1.3 ಟೆರಾಬೈಟ್ ಮಾಹಿತಿಗೆ ದಾಳಿಕೋರರು ಬೀಗ ಜಡಿದರು ಎಂದು ಸರಕಾರವೇ ಸಂಸತ್ತಿನಲ್ಲಿ ತಿಳಿಸಿತು. ದೇಶದ ದೊಡ್ಡ ಸರಕಾರಿ ಆಸ್ಪತ್ರೆಗಳಲ್ಲೊಂದು ಹಲವು ದಿನ ಕೈಬರಹದ ಚೀಟಿಯಲ್ಲೇ ನಡೆಯಬೇಕಾಯಿತು. 2023ರ ಜೂನಿನಲ್ಲಿ, ಟೆಲಿಗ್ರಾಮಿನಲ್ಲಿ ಒಂದು ಮೊಬೈಲ್ ನಂಬರ್ ಹಾಕಿದರೆ ಕೊರೋನಾ ಲಸಿಕೆ ಪಡೆದವರ ಹೆಸರು, ಗುರುತಿನ ಚೀಟಿಯ ಸಂಖ್ಯೆ ಹೊರಬರುತ್ತಿದೆ ಎಂದು ಪತ್ರಿಕೆಗಳು ವರದಿ ಮಾಡಿದವು. ಕೋವಿನ್ ವ್ಯವಸ್ಥೆ ಸುರಕ್ಷಿತವಾಗಿದೆ ಎಂದು ಆರೋಗ್ಯ ಸಚಿವಾಲಯ ಹೇಳಿತು. 2024ರಲ್ಲಿ ಸ್ಟಾರ್ ಹೆಲ್ತ್ ಎಂಬ ವಿಮಾ ಕಂಪೆನಿಯ ಗ್ರಾಹಕರ ಮಾಹಿತಿ, ವೈದ್ಯಕೀಯ ದಾಖಲೆಗಳ ಸಹಿತ, ಟೆಲಿಗ್ರಾಮಿನಲ್ಲಿ ಸಿಗುತ್ತಿದೆ ಎಂದು ಸುದ್ದಿಯಾಯಿತು. ತನ್ನ ಮೇಲೆ ದಾಳಿಯಾದದ್ದನ್ನು ಕಂಪೆನಿ ಒಪ್ಪಿಕೊಂಡಿತು.

ಇವೆಲ್ಲಕ್ಕಿಂತ ನನ್ನನ್ನು ಹೆಚ್ಚು ಕಾಡಿದ್ದು ಫಿನ್ಲೆಂಡಿನ ಘಟನೆ. ಅಲ್ಲಿ ವಸ್ತಾಮೋ ಎಂಬ ಮನೋಚಿಕಿತ್ಸಾ ಸಂಸ್ಥೆಯಿತ್ತು. ಮನಸ್ಸಿನ ನೋವು ಹೇಳಿಕೊಳ್ಳಲು ಬಂದ ಸುಮಾರು 33,000 ಜನರ ದಾಖಲೆಗಳು ಕಳ್ಳರ ಕೈಗೆ ಸಿಕ್ಕಿದವು. 2020ರ ಅಕ್ಟೋಬರಿನಲ್ಲಿ ಆ ರೋಗಿಗಳಿಗೇ ನೇರವಾಗಿ ಬೆದರಿಕೆಯ ಸಂದೇಶಗಳು ಬಂದವು. ಹಣ ಕೊಡದಿದ್ದರೆ ನೀವು ಚಿಕಿತ್ಸಕರಿಗೆ ಹೇಳಿಕೊಂಡದ್ದನ್ನೆಲ್ಲ ಬಯಲು ಮಾಡುತ್ತೇವೆ ಎಂದು! ಮರು ವರ್ಷ ಆ ಸಂಸ್ಥೆ ದಿವಾಳಿಯಾಯಿತು. 2024ರ ಏಪ್ರಿಲಿನಲ್ಲಿ ಅಲ್ಲಿನ ನ್ಯಾಯಾಲಯ ಒಬ್ಬನಿಗೆ 6 ವರ್ಷ 3 ತಿಂಗಳ ಶಿಕ್ಷೆ ವಿಧಿಸಿತು. ಆದರೆ ಬಯಲಾದ ಮಾತುಗಳು ಬಯಲಾದವೇ. ಬ್ಯಾಂಕಿನ ಪಾಸ್‌ವರ್ಡ್ ಕದ್ದರೆ ಬದಲಾಯಿಸಬಹುದು, ಎಟಿಎಂ ಕಾರ್ಡ್ ಕಳೆದರೆ ಬೇರೆ ಕೊಡುತ್ತಾರೆ. ನಮ್ಮ ರಕ್ತದ ಪರೀಕ್ಷೆಯನ್ನು, ಗರ್ಭಪಾತದ ನೋವನ್ನು, ಹೆರಿಗೆಯ ನಂತರದ ಖಿನ್ನತೆಯನ್ನು ಬದಲಾಯಿಸಲು ಬರುವುದಿಲ್ಲ.

ಇನ್ನೊಂದು ದಾರಿಯಿದೆ. ಅದರಲ್ಲಿ ಯಾರೂ ಕದಿಯುವುದಿಲ್ಲ, ನಾವೇ ಬರೆದುಕೊಡುತ್ತೇವೆ. ಮುಟ್ಟಿನ ದಿನಗಳನ್ನು, ಗರ್ಭದ ವಾರಗಳನ್ನು ಗುರುತಿಟ್ಟುಕೊಳ್ಳುವ ಆ್ಯಪುಗಳು ಈಗ ಕಾಲೇಜಿಗೆ ಹೋಗುವ ಹುಡುಗಿಯರ ಮೊಬೈಲಿನಲ್ಲೆಲ್ಲ ಇವೆ. ಅಂತಹವುಗಳಲ್ಲಿ 'ಫ್ಲೋ' ಎಂಬುದು ಬಹಳ ಹೆಸರಾದದ್ದು. ಗುಟ್ಟಾಗಿಡುತ್ತೇವೆಂದು ಮಾತು ಕೊಟ್ಟು, ಬಳಕೆದಾರರ ಮುಟ್ಟು ಮತ್ತು ಗರ್ಭದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮೊದಲಾದ ಕಂಪೆನಿಗಳಿಗೆ ದಾಟಿಸಿದೆ ಎಂದು ಅಮೆರಿಕದ ವ್ಯಾಪಾರ ಆಯೋಗ ಅದರ ಮೇಲೆ ದೂರು ಹಾಕಿತು. 2021ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ಇನ್ನು ಮುಂದೆ ಬಳಕೆದಾರರ ಒಪ್ಪಿಗೆಯಿಲ್ಲದೆ ಯಾರಿಗೂ ಕೊಡಕೂಡದೆಂಬುದು ರಾಜಿಯ ಷರತ್ತು. 2023ರಲ್ಲಿ ಔಷಧದ ರಿಯಾಯಿತಿ ಕೊಡುವ 'ಗುಡ್‌ಆರ್‌ಎಕ್ಸ್' ಎಂಬ ಕಂಪೆನಿಯ ಮೇಲೂ ಅದೇ ಆಯೋಗ, ಜಾಹೀರಾತುದಾರರಿಗೆ ಮಾಹಿತಿ ಕೊಟ್ಟದ್ದಕ್ಕಾಗಿ 15 ಲಕ್ಷ ಡಾಲರ್ ದಂಡದ ಕ್ರಮ ಕೈಗೊಂಡಿತು. ಉಚಿತವಾಗಿ ಸಿಗುವ ಆ್ಯಪ್ ಯಾವುದರಿಂದ ಬದುಕುತ್ತದೆ ಎಂದು ಒಮ್ಮೆ ಯೋಚಿಸುವುದು ಒಳ್ಳೆಯದು. ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಚುಕ್ಕೆ ಇಟ್ಟರೂ ಲೆಕ್ಕ ಸಿಗುತ್ತದೆ. ಅದನ್ನು ಯಾರೂ ಮಾರಿಕೊಳ್ಳುವುದಿಲ್ಲ.

ಹಾಗಾದರೆ ನಮಗೆ ರಕ್ಷಣೆಯೇ ಇಲ್ಲವೇ? ಇದೆ. ಖಾಸಗಿತನ ಎಂಬುದು ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ ಒಮ್ಮತದಿಂದ ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶರಾಗಿದ್ದ ಕೆ.ಎಸ್. ಪುಟ್ಟಸ್ವಾಮಿಯವರು. ಇಳಿವಯಸ್ಸಿನಲ್ಲಿ ಆಧಾರ್ ವಿಷಯದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಅವರು 2024ರಲ್ಲಿ ತೀರಿಕೊಂಡರು. ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹುವುದನ್ನು ತಡೆಯುವ ಕಾಯ್ದೆ 2018ರ ಸೆಪ್ಟೆಂಬರಿನಿಂದ ಜಾರಿಯಲ್ಲಿದೆ. ಮಾನಸಿಕ ಚಿಕಿತ್ಸೆ ಪಡೆಯುವವರ ಗುಟ್ಟು ಕಾಪಾಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಗರ್ಭಪಾತ ಮಾಡಿಸಿಕೊಂಡ ಮಹಿಳೆಯ ಹೆಸರನ್ನು ಕಾನೂನಿನಲ್ಲಿ ಅಧಿಕಾರವಿಲ್ಲದವರಿಗೆ ತಿಳಿಸಿದರೆ ಒಂದು ವರ್ಷದವರೆಗೆ ಜೈಲು ಅಥವಾ ದಂಡ ಎಂಬ ಕಲಮು 2021ರ ತಿದ್ದುಪಡಿಯಲ್ಲಿ ಸೇರಿತು. ಇದೇ ರೀತಿ ದಾಖಲೆ ಪಡೆಯುವ ಹಕ್ಕೂ ನಮಗಿದೆ. 2002ರ ವೈದ್ಯಕೀಯ ಮಂಡಳಿಯ ನಿಯಮದಂತೆ, ರೋಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಡಿಜಿಟಲ್ ಮಾಹಿತಿಗಾಗಿಯೇ 2023ರಲ್ಲಿ ಹೊಸ ಕಾಯ್ದೆ ಬಂತು. ಮಾಹಿತಿಯನ್ನು ಜೋಪಾನ ಮಾಡದ ಸಂಸ್ಥೆಗೆ 250 ಕೋಟಿ ರೂಪಾಯಿಯವರೆಗೂ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯವಾದ ಕರ್ತವ್ಯಗಳಿಗೆ ಸಿದ್ಧರಾಗಲು ಸಂಸ್ಥೆಗಳಿಗೆ 18 ತಿಂಗಳ ಕಾಲಾವಕಾಶ ಕೊಡಲಾಯಿತು.

ಕಾನೂನು ಬಹಳ ಇದೆ. ಆದರೆ ಅಣ್ಣನ ಮೊಬೈಲಿಗೆ ಹೋದ ರಿಪೋರ್ಟನ್ನು ತಡೆಯಲು ಯಾವ ಕಾಯ್ದೆಯೂ ಕೌಂಟರಿಗೆ ಓಡಿ ಬರುವುದಿಲ್ಲ. ಅಲ್ಲಿ ನಾವೇ ಬಾಯಿ ತೆರೆಯಬೇಕು. ತಂಗಿಯ ಘಟನೆಯ ನಂತರ ನಮ್ಮ ಮನೆಯಲ್ಲಿ ಕೆಲವು ಕ್ರಮಗಳನ್ನು ಇಟ್ಟುಕೊಂಡಿದ್ದೇವೆ. ಇದರಲ್ಲಿ ದೊಡ್ಡ ಖರ್ಚೂ ಇಲ್ಲ, ದೊಡ್ಡ ಓದೂ ಬೇಡ.

ಮೊದಲನೆಯದು, ಹದಿನೆಂಟು ತುಂಬಿದ ಪ್ರತಿ ಹೆಣ್ಣುಮಗಳಿಗೂ ಆಕೆಯ ಹೆಸರಿನಲ್ಲೇ ಒಂದು ಸಿಮ್, ಆಧಾರಿಗೆ ಅದೇ ನಂಬರ್. ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ನಂಬರ್ ಬದಲಾಯಿಸಿಕೊಡುತ್ತಾರೆ. ಉಮ್ಮನಿಗೂ ಹೀಗೆಯೇ ಮಾಡಿಸಿದೆವು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ಆದರೆ ಅಂಕಿಗಳು ಬರುತ್ತವೆ. ಒಟಿಪಿ ಬಂದಾಗ ಮೊಮ್ಮಗಳನ್ನು ಕರೆದು ಓದಿಸುತ್ತಾರೆ. ಯಾರನ್ನು ಕರೆಯಬೇಕೆಂಬುದನ್ನು ಅವರೇ ತೀರ್ಮಾನಿಸುತ್ತಾರೆ. ಗಂಡನನ್ನೋ ಮಗನನ್ನೋ ನಂಬಬಾರದೆಂದು ನಾನು ಹೇಳುತ್ತಿಲ್ಲ. ನಂಬಿ ಹೇಳುವುದಕ್ಕೂ, ಹೇಳುವ ಮೊದಲೇ ಅವರಿಗೆ ಗೊತ್ತಾಗಿಬಿಡುವುದಕ್ಕೂ ವ್ಯತ್ಯಾಸವಿದೆ. ಹೆಂಡತಿ ತನ್ನ ಬಾಯಿಂದ ಹೇಳಿದ ಕಾಯಿಲೆಗೆ ಗಂಡನ ಮನಸ್ಸು ಬೇಗ ಕರಗುತ್ತದೆ.

ಎರಡನೆಯದು, ಲ್ಯಾಬಿನಲ್ಲಿ ರಕ್ತ ಕೊಡುವ ಮೊದಲು, "ನಿಮ್ಮ ಕಂಪ್ಯೂಟರಿನಲ್ಲಿ ನನ್ನ ಹೆಸರಿಗೆ ಯಾವ ನಂಬರ್ ಇದೆ? ಓದಿ ಹೇಳಿ" ಎಂದು ಕೇಳುವುದು. ಹಳೆಯ ನಂಬರ್ ಇದ್ದರೆ ಅಲ್ಲೇ ತೆಗೆಸುವುದು. ಬಹಳ ಖಾಸಗಿಯಾದ ಪರೀಕ್ಷೆಯಾದರೆ, "ವಾಟ್ಸಪ್ ಮಾಡಬೇಡಿ, ನಾನೇ ಬಂದು ಕಾಗದ ತೆಗೆದುಕೊಳ್ಳುತ್ತೇನೆ" ಎನ್ನುವುದು. ಮೊದಲ ಸಲ ಕೌಂಟರಿನ ಹುಡುಗ ಮುಖ ನೋಡಿದ. ಈಗ ಅವನೇ ಕೇಳುತ್ತಾನೆ.

ಮೂರನೆಯದು, ಒಬ್ಬರ ರಿಪೋರ್ಟನ್ನು ಅವರ ಅನುಮತಿಯಿಲ್ಲದೆ ಯಾರೂ ಗುಂಪಿಗೆ ಹಾಕಬಾರದು. ಇದು ನಮ್ಮ ಕುಟುಂಬದ ಗುಂಪಿನಲ್ಲಿ ಅಣ್ಣನೇ ಬರೆದು ಹಾಕಿದ ನಿಯಮ. ಡಾಕ್ಟರರ ಬಗ್ಗೆ ವಿಚಾರಿಸಬೇಕಾದರೆ ಹೆಸರು ಹೇಳದೆ ವಿಚಾರಿಸಬಹುದು.

ನಾಲ್ಕನೆಯದು, ಜೆರಾಕ್ಸ್ ಅಂಗಡಿ. ರಿಪೋರ್ಟಿನ ಪ್ರಿಂಟ್ ತೆಗೆಯಲು ಅಂಗಡಿಯವನ ನಂಬರಿಗೆ ಕಳುಹಿಸುತ್ತೇವೆ. ಪ್ರಿಂಟ್ ನಮ್ಮ ಕೈಗೆ ಬರುತ್ತದೆ, ಫೈಲ್ ಅವನ ಕಂಪ್ಯೂಟರಿನಲ್ಲಿ ಉಳಿಯುತ್ತದೆ. ನಿಂತು, ಕಣ್ಣೆದುರೇ ಅಳಿಸಲು ಹೇಳಬೇಕು. ಗಲ್ಫಿಗೆ ಹೋಗುವ ಮಕ್ಕಳ ಮೆಡಿಕಲ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಅದರ ಫಲಿತಾಂಶ ಈಗ ಅಂತರ್ಜಾಲದಲ್ಲಿ ಬರುತ್ತದೆ, ಪಾಸ್‌ಪೋರ್ಟಿನ ಪ್ರತಿ ಹತ್ತು ಕೈಗಳಲ್ಲಿರುತ್ತದೆ. ಹುಡುಗ 'ಅನ್‌ಫಿಟ್' ಎಂಬುದು ಅವನ ತಾಯಿಗಿಂತ ಮೊದಲು ಏಜೆಂಟರಿಗೂ ಅವರ ಗೆಳೆಯರಿಗೂ ಗೊತ್ತಾಗುವಂತಾಗಬಾರದು.

ಐದನೆಯದು, ಆಭಾ ಮಾಡಿಸಿಕೊಂಡಿದ್ದರೆ ಆ್ಯಪನ್ನು ತೆರೆದು, ಯಾರಿಗೆಲ್ಲ ಒಪ್ಪಿಗೆ ಕೊಟ್ಟಿದ್ದೀರಿ, ಎಷ್ಟು ದಿನಕ್ಕೆ ಎಂದು ಆಗಾಗ ನೋಡುವುದು. ಚಿಕಿತ್ಸೆ ಮುಗಿದಿದ್ದರೆ ಒಪ್ಪಿಗೆಯನ್ನು ಹಿಂದೆಗೆದುಕೊಳ್ಳುವುದು. ಆಸ್ಪತ್ರೆಯ ಹೊರಗೆ ಮೇಜು ಹಾಕಿ, "ಬನ್ನಿ, ಉಚಿತ ಕಾರ್ಡ್ ಮಾಡಿಕೊಡುತ್ತೇವೆ" ಎನ್ನುವವರಿಗೆ ಏನೆಂದು ತಿಳಿಯದೆ ಒಟಿಪಿ ಹೇಳದಿರುವುದು. ಯಾಕೆ, ಯಾರಿಗೆ ಎಂದು ಕೇಳಿದ ಮೇಲೆಯೂ ಬೇಕೆನಿಸಿದರೆ ಮಾಡಿಸಿಕೊಳ್ಳೋಣ.

ಪುರುಷ ಓದುಗರೂ ಈ ಪುಟವನ್ನು ಓದುತ್ತಾರೆಂದು ನನಗೆ ಗೊತ್ತು. ಅವರಲ್ಲೂ ಒಂದು ಮಾತು. ಮನೆಯ ಹೆಂಗಸರ ಫೋನ್ ನಂಬರ್ ಹೊರಗೆ ಹೋಗಬಾರದು, ಅವರ ಮರ್ಯಾದೆ ಕಾಯಬೇಕು ಎಂದು ನಿಮ್ಮ ನಂಬರನ್ನು ಬರೆಸಿದಿರಿ. ಉದ್ದೇಶ ಒಳ್ಳೆಯದೇ. ಆದರೆ ಹಾಗೆ ಮಾಡಿದಾಗ ಆಕೆಯ ಅತಿ ಖಾಸಗಿಯಾದ ವಿಷಯ ನಿಮ್ಮ ಕಚೇರಿಯ ಮೇಜಿನ ಮೇಲೆ, ಅಂಗಡಿಯ ಗಲ್ಲಾದ ಪಕ್ಕ, ಮಕ್ಕಳು ಆಟವಾಡುವ ಮೊಬೈಲಿನ ಪರದೆಯ ಮೇಲೆ ಬಂದು ಬೀಳುತ್ತದೆ. ಮರ್ಯಾದೆ ಕಾಯುವುದಕ್ಕೆ ಆಕೆಯ ಕೈಗೆ ಆಕೆಯ ಕೀಲಿಕೈ ಕೊಡುವುದೇ ಹೆಚ್ಚು ಸರಿಯಾದ ದಾರಿ.

ಸಹೋದರಿಯರೇ, ಈ ತಿಂಗಳು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಆಧಾರಿಗೆ, ನೀವು ಹೋಗುವ ಲ್ಯಾಬಿನ ಪುಸ್ತಕಕ್ಕೆ, ಮಗುವಿನ ತಾಯಿ ಕಾರ್ಡಿಗೆ ಯಾರ ನಂಬರ್ ಬರೆದಿದೆ ಎಂದು ನೋಡಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರದ್ದನ್ನೂ ನೋಡಿ. ಹಾಗೆ ನೋಡುವ ಮೊದಲು, "ನಿಮ್ಮದನ್ನು ನಾನು ನೋಡಲೇ?" ಎಂದು ಅವರನ್ನು ಒಂದು ಮಾತು ಕೇಳಿ.